ಪ್ರೊಜೆಕ್ಟರ್ ಹಾಕುವ ಮುಂಚೆ: ಬಿ.ಎಡ್ ವಿದ್ಯಾರ್ಥಿಗಳು ಮತ್ತು ಡಿಜಿಟಲ್ ಪಾಠ

ಬಿ.ಎಡ್ ಮಾಡಿದ ಯಾರನ್ನೇ ಕೇಳಿ, 36 ನಿಮಿಷದ ಲೆಕ್ಕ ಬಾಯಿಪಾಠ ಇರುತ್ತದೆ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, ಮತ್ತೆ 6 ನಿಮಿಷ ಅದೇ ಪಾಠ, ಕೊನೆಗೆ ಮತ್ತೆ 6 ನಿಮಿಷ ಹಿಮ್ಮಾಹಿತಿ. ಸೂಕ್ಷ್ಮ ಬೋಧನೆ ಅಂದರೆ ಇದೇ. ಸಹಪಾಠಿಗಳೇ ಏಳನೇ ಕ್ಲಾಸಿನ ಮಕ್ಕಳಾಗಿ ಕೂರುತ್ತಾರೆ. ಕೇಳಿದ್ದಕ್ಕೆಲ್ಲ ಸರಿಯುತ್ತರವನ್ನೇ ಕೊಟ್ಟು ಸ್ನೇಹ ಉಳಿಸಿಕೊಳ್ಳುತ್ತಾರೆ. ಇನ್ನೊಬ್ಬರು ಹಾಳೆ ಹಿಡಿದು, ಪ್ರಶ್ನಿಸುವ ಕೌಶಲಕ್ಕೆ ಇಷ್ಟು, ಕಪ್ಪು ಹಲಗೆ ಬಳಕೆಗೆ ಇಷ್ಟು ಅಂತ ಗುರುತು ಹಾಕುತ್ತಾರೆ.

ಈ ಪದ್ಧತಿ ಶುರುವಾಗಿದ್ದು 1963ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಡ್ವೈಟ್ ಅಲೆನ್ ಮತ್ತು ಅವರ ಜೊತೆಗಾರರು ಇದನ್ನು ಬೆಳೆಸಿದರು. ಅಲ್ಲಿ ಅದರ ದೊಡ್ಡ ಬಲ ವಿಡಿಯೊ ರೆಕಾರ್ಡರ್. ಕಲಿಸುವವರು ತಮ್ಮ ಪಾಠವನ್ನು ತಾವೇ ಪರದೆ ಮೇಲೆ ನೋಡಿ ತಿದ್ದಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಇದನ್ನು ನಮ್ಮ ತರಬೇತಿ ಕಾಲೇಜುಗಳಿಗೆ ಹೊಂದಿಸುವಾಗ ಅಷ್ಟು ದುಬಾರಿ ಯಂತ್ರ ಎಲ್ಲಿಂದ ತರೋದು? ಕ್ಯಾಮೆರಾ ಕೈಬಿಟ್ಟರು, ಅದರ ಜಾಗಕ್ಕೆ ಸಹಪಾಠಿಯ ಕಣ್ಣು ಬಂತು. ಆ ಕಾಲಕ್ಕೆ ಅದು ಬುದ್ಧಿವಂತಿಕೆಯ ತೀರ್ಮಾನವೇ.

ಈಗ ಪ್ರತಿ ಪ್ರಶಿಕ್ಷಣಾರ್ಥಿಯ, ಅಂದರೆ ಶಿಕ್ಷಕ ತರಬೇತಿ ಪಡೆಯುತ್ತಿರುವವರ, ಜೇಬಿನಲ್ಲೂ ಸ್ಟ್ಯಾನ್‌ಫರ್ಡಿನ ಆ ಯಂತ್ರಕ್ಕಿಂತ ಎಷ್ಟೋ ಚೆನ್ನಾದ ಕ್ಯಾಮೆರಾ ಇದೆ. ಆದರೂ ಹೆಚ್ಚಿನ ಕಡೆ ಹಾಳೆ ಹಿಡಿದು ಗುರುತು ಹಾಕುವುದೇ ನಡೆದಿದೆ. ಫೋನು ಹೊರಗೆ ಬರುವುದು ಕೊನೆಯ ಗ್ರೂಪ್ ಫೋಟೊಗೆ. ತರಬೇತಿ ಕಾಲೇಜು ಮತ್ತು ತಂತ್ರಜ್ಞಾನದ ನಂಟು ಹೇಗಿದೆ ಅನ್ನೋದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಬೇಕಿಲ್ಲ. ಉಪಕರಣ ಇದೆ, ಅದನ್ನು ಕೆಲಸಕ್ಕೆ ಹಚ್ಚುವ ಜಾಗ ಮಾತ್ರ ಯಾರೂ ತೋರಿಸಿಕೊಟ್ಟಿಲ್ಲ.

ಪ್ರತ್ಯೇಕ ಪೇಪರಿನ ತೊಂದರೆ

ತರಬೇತಿಯಲ್ಲಿ ಕಂಪ್ಯೂಟರ್ ಕಲಿಸುವುದೇ ಇಲ್ಲ ಅಂತೇನಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರಲ್ಲಿ ಹೊಸ ನಿಯಮ ತಂದು ಬಿ.ಎಡ್ ಅನ್ನು ಎರಡು ವರ್ಷಕ್ಕೆ ಏರಿಸಿತು. ಶಾಲೆಯಲ್ಲಿ ಇರಬೇಕಾದ ಅವಧಿ ಒಟ್ಟು 20 ವಾರ ಆಯಿತು: ಮೊದಲ ವರ್ಷ 4, ಎರಡನೇ ವರ್ಷ 16. ಜೊತೆಗೆ ವೃತ್ತಿ ಸಾಮರ್ಥ್ಯ ಹೆಚ್ಚಿಸುವ ನಾಲ್ಕು ಕೋರ್ಸುಗಳು ಬಂದವು. ಓದು ಮತ್ತು ಚಿಂತನೆ, ನಾಟಕ ಮತ್ತು ಕಲೆ, ಮಾಹಿತಿ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆ, ತನ್ನನ್ನು ತಾನು ಅರಿಯುವುದು. ಮೂರನೆಯದರಲ್ಲಿ ‘ವಿಮರ್ಶಾತ್ಮಕ’ ಅಂತ ಸೇರಿಸಿದ್ದು ಸುಮ್ನೆ ಅಲ್ಲ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಇದರಿಂದ ಯಾರಿಗೆ ಲಾಭ ಅಂತ ಯೋಚಿಸಲಿ ಅನ್ನೋದು ಉದ್ದೇಶ.

ಆಚರಣೆಯಲ್ಲಿ ಅದು ಏನಾಗುತ್ತದೆ ಅಂತ ನೋಡಬೇಕಾದರೆ ಒಂದು ರೆಕಾರ್ಡ್ ಬುಕ್ ತೆರೆದು ನೋಡಿ. ಮೌಸ್, ಕೀಬೋರ್ಡ್, ಸಿಪಿಯು ಚಿತ್ರ. ವರ್ಡ್‌ನಲ್ಲಿ ಒಂದು ರಜಾ ಅರ್ಜಿ. ಎಕ್ಸೆಲ್‌ನಲ್ಲಿ ಅಂಕಪಟ್ಟಿ. ಹತ್ತು ಸ್ಲೈಡಿನ ಪಿಪಿಟಿ, ಕೊನೆಯ ಸ್ಲೈಡಿನಲ್ಲಿ ಗುಲಾಬಿ ಹೂವಿನ ಜೊತೆ ಧನ್ಯವಾದ. ಇಷ್ಟನ್ನೂ ಸೀನಿಯರ್ ರೆಕಾರ್ಡಿನಿಂದ ನಕಲು ಮಾಡಿ ಮುಗಿಸಿದವರು ಬೇಕಾದಷ್ಟು ಜನ. ಇದೆಲ್ಲ ಉಪಯೋಗವಿಲ್ಲದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಇದು ಆಫೀಸ್ ಕೆಲಸದ ತರಬೇತಿ, ಪಾಠದ್ದಲ್ಲ. ಪಾಠ ಕಲಿಸುವ ತರಬೇತಿ ನಡೆಯುವುದು ಪಕ್ಕದ ಕೋಣೆಯಲ್ಲಿ, ಗಣಿತ ಬೋಧನೆ, ಕನ್ನಡ ಬೋಧನೆ, ವಿಜ್ಞಾನ ಬೋಧನೆ ಅನ್ನುವ ಪೇಪರುಗಳಲ್ಲಿ. ಅಲ್ಲಿ ತಂತ್ರಜ್ಞಾನದ ಮಾತು ಬರುವುದು ‘ಬೋಧನೋಪಕರಣಗಳು’ ಅನ್ನುವ ಒಂದು ಪ್ಯಾರಾದಲ್ಲಿ, ಚಾರ್ಟು ಮತ್ತು ಮಾದರಿಗಳ ಸಾಲಿನಲ್ಲಿ. ಎರಡು ಕೋಣೆಯ ಮಧ್ಯೆ ಬಾಗಿಲಿಲ್ಲ. ತೊಂದರೆಯ ಬೇರು ಇಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ಉಪಕರಣದ ಕೊರತೆ ಎರಡನೆಯದು.

ಕನ್ನಡದವರಿಗೆ ಇದರ ಮೇಲೆ ಇನ್ನೊಂದು ತಾಪತ್ರಯ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ರಾತ್ರಿಯೆಲ್ಲ ಕೂತು ಸ್ಲೈಡ್ ಮಾಡಿ, ಪೆನ್‌ಡ್ರೈವಿನಲ್ಲಿ ಶಾಲೆಗೆ ಒಯ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. ತೆರೆದರೆ ಅರ್ಥವಾಗದ ಲ್ಯಾಟಿನ್ ಅಕ್ಷರಗಳ ಸಂತೆ. ಕಾರಣ ಸರಳ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಂಡುಗಳನ್ನು ಅಂಟಿಸಿ ತೋರಿಸುತ್ತಿದ್ದವು. ಯುನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಕೇತ ಇರುತ್ತದೆ. ಹಾಗಾಗಿ ಯಾವ ಕಂಪ್ಯೂಟರ್, ಯಾವ ಫೋನಿನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಈ ಹತ್ತು ನಿಮಿಷದ ಮಾಹಿತಿಯನ್ನು ಮೊದಲ ವಾರವೇ ಹೇಳಿಕೊಟ್ಟರೆ ಎಷ್ಟೋ ಪಾಠಗಳು ಉಳಿಯುತ್ತವೆ. ಸಿಪಿಯು ಚಿತ್ರ ಆಮೇಲೆ ಬಿಡಿಸಿದರೂ ಆದೀತು.

ಮೂರು ಬಗೆಯ ಅರಿವು

ಶಿಕ್ಷಕರಿಗೆ ಏನು ಗೊತ್ತಿರಬೇಕು? ವಿಷಯ ಗೊತ್ತಿರಬೇಕು, ಕಲಿಸುವ ವಿಧಾನ ಗೊತ್ತಿರಬೇಕು. ಬಹಳ ಕಾಲ ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತಿದ್ದರು. 1986ರಲ್ಲಿ ಲೀ ಶುಲ್ಮನ್ ಅನ್ನುವ ಶಿಕ್ಷಣತಜ್ಞರು ಒಂದು ಮಾತು ಎತ್ತಿದರು. ಭೌತಶಾಸ್ತ್ರ ಗೊತ್ತಿರುವ ವಿಜ್ಞಾನಿಗೂ, ಭೌತಶಾಸ್ತ್ರ ಕಲಿಸುವ ಮೇಷ್ಟರಿಗೂ ಒಂದು ವ್ಯತ್ಯಾಸ ಇದೆ. ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ತಲೆಗೆ ಹತ್ತುತ್ತದೆ ಅನ್ನೋದು ಮೇಷ್ಟರಿಗೆ ಗೊತ್ತಿರುತ್ತದೆ. ವಿಷಯ ಮತ್ತು ವಿಧಾನ ಬೆರೆತಾಗ ಹುಟ್ಟುವ ಈ ಅರಿವೇ ಶಿಕ್ಷಕರ ನಿಜವಾದ ಬಂಡವಾಳ.

ಇಪ್ಪತ್ತು ವರ್ಷದ ಮೇಲೆ, 2006ರಲ್ಲಿ, ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಭಾರತ ಮೂಲದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಇದಕ್ಕೆ ಮೂರನೆಯದನ್ನು ಸೇರಿಸಿದರು: ತಂತ್ರಜ್ಞಾನ. ಈ ಚೌಕಟ್ಟಿಗೆ ಟಿಪ್ಯಾಕ್ ಅನ್ನುತ್ತಾರೆ. ಬಿ.ಎಡ್ ಪುಸ್ತಕಗಳಲ್ಲಿ ಮೂರು ವೃತ್ತ ಒಂದರ ಮೇಲೊಂದು ಬಂದ ಚಿತ್ರ ಇರುತ್ತದೆ, ಪರೀಕ್ಷೆಗೆ ಬಿಡಿಸಿ ಬರುತ್ತಾರೆ, ಮರೆಯುತ್ತಾರೆ. ವೃತ್ತ ಬಿಡಿ, ಒಂದು ಪಾಠವನ್ನೇ ತೆಗೆದುಕೊಳ್ಳೋಣ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ. ಒಂದು ಸೆಲ್, ಒಂದು ಬಲ್ಬ್, ಎರಡು ವೈರ್. ಬಲ್ಬಿಗೆ ಬರುವ ವೈರಿನಲ್ಲಿ ಮತ್ತು ಬಲ್ಬಿನಿಂದ ಆಚೆ ಹೋಗುವ ವೈರಿನಲ್ಲಿ, ಯಾವುದರಲ್ಲಿ ಕರೆಂಟ್ ಜಾಸ್ತಿ? ಮಕ್ಕಳನ್ನು ಕೇಳಿ ನೋಡಿ. ತುಂಬಾ ಜನ ‘ಬರುವ ವೈರಿನಲ್ಲಿ’ ಅನ್ನುತ್ತಾರೆ. ಬಲ್ಬ್ ಉರಿಯಲು ಸ್ವಲ್ಪ ಕರೆಂಟ್ ತಿಂದಿರಬೇಕಲ್ಲ! ತಪ್ಪು ಉತ್ತರ, ಆದರೆ ಪೆದ್ದು ಉತ್ತರವಲ್ಲ. ಮನೆಯಲ್ಲಿ ‘ಈ ತಿಂಗಳು ಕರೆಂಟ್ ಜಾಸ್ತಿ ಖರ್ಚಾಯ್ತು’ ಅಂತ ಬಿಲ್ ಹಿಡಿದು ಅಪ್ಪ ಗೊಣಗುವುದನ್ನು ಮಗು ಕೇಳಿದೆ. ಖರ್ಚಾಗುವುದು ಶಕ್ತಿ, ಬಿಲ್ಲಿನ ಯೂನಿಟ್ ಕೂಡ ಶಕ್ತಿಯದ್ದೇ. ವಿದ್ಯುತ್ ಪ್ರವಾಹ ಮಾತ್ರ ಬಲ್ಬಿನ ಎರಡೂ ಕಡೆ ಅಷ್ಟೇ ಇರುತ್ತದೆ. ಮಕ್ಕಳು ಇಲ್ಲಿ ಎಡವುತ್ತಾರೆ ಅಂತ ಮುಂಚೆಯೇ ಗೊತ್ತಿರುವುದು ಶುಲ್ಮನ್ ಹೇಳಿದ ಅರಿವು.

ಈಗ ತಂತ್ರಜ್ಞಾನ. ನಿಜವಾದ ಸೆಲ್ಲು, ಬಲ್ಬು ತಂದರೆ ಬಲ್ಬ್ ಉರಿಯುವುದು ಕಾಣುತ್ತದೆ, ವೈರಿನೊಳಗೆ ಏನಾಗುತ್ತದೆ ಅನ್ನೋದು ಕಾಣುವುದಿಲ್ಲ. ಕಪ್ಪು ಹಲಗೆ ಮೇಲೆ ಬಾಣದ ಗುರುತು ಹಾಕಬಹುದು, ಅದು ಚಲಿಸುವುದಿಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಅನ್ನುವ ಯೋಜನೆ ಇದೆ. ಉಚಿತ ಸಿಮ್ಯುಲೇಷನ್‌ಗಳು. ಹಲವು ಕನ್ನಡದಲ್ಲೂ ಸಿಗುತ್ತವೆ, ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಅದರಲ್ಲಿ ಸರ್ಕ್ಯೂಟ್ ಕಟ್ಟಿದರೆ ವೈರಿನೊಳಗೆ ನೀಲಿ ಎಲೆಕ್ಟ್ರಾನ್‌ಗಳು ಸಾಗುವುದು ಕಾಣುತ್ತದೆ. ಬಲ್ಬಿನ ಆಚೆಗೂ ಈಚೆಗೂ ಒಂದೇ ವೇಗ. ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಇಡೀ ಸಾಲು ಒಟ್ಟಿಗೆ ನಿಧಾನವಾಗುತ್ತದೆ. ಕಪ್ಪು ಹಲಗೆ ಕೈಚೆಲ್ಲುವ ಜಾಗದಲ್ಲಿ ಪರದೆ ಕೆಲಸಕ್ಕೆ ಬರುತ್ತದೆ. ವಿಷಯ, ಮಗು ಎಡವುವ ಜಾಗ, ಆ ಜಾಗಕ್ಕೆ ಒಪ್ಪುವ ಉಪಕರಣ. ಟಿಪ್ಯಾಕ್ ಅಂದರೆ ಈ ಮೂರೂ ಒಂದೇ ನಿಮಿಷದಲ್ಲಿ ಸೇರುವುದು.

ಆ ನಿಮಿಷ ಹೇಗೆ ಬರಬೇಕು ಅನ್ನೋದೇ ಕಸುಬು. ಪ್ರಶಿಕ್ಷಣಾರ್ಥಿ ನೇರ ಪರದೆ ಹಾಕಿ ‘ನೋಡಿ ಮಕ್ಕಳೇ, ಎರಡೂ ಕಡೆ ಒಂದೇ’ ಅಂದರೆ ಕೆಲಸ ಕೆಟ್ಟಿತು. ಮಕ್ಕಳು ಬಣ್ಣ ನೋಡುತ್ತಾರೆ, ತಲೆಯಾಡಿಸುತ್ತಾರೆ, ಹಳೆಯ ನಂಬಿಕೆ ಅಲ್ಲೇ ಇರುತ್ತದೆ. ಮೊದಲು ಪ್ರಶ್ನೆ ಕೇಳಿ, ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ತಮ್ಮ ಊಹೆ ಬರೆಯಬೇಕು. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಬೇಕು. ಆಮೇಲೆ ಪರದೆ. ಈಗ ಅವರು ನೋಡುವುದು ತಮ್ಮ ಊಹೆ ಗೆದ್ದಿತೋ ಸೋತಿತೋ ಅಂತ. ಕೊನೆಗೆ, ಹಾಗಾದರೆ ಖರ್ಚಾಗಿದ್ದು ಏನು ಅಂತ ಅವರ ಬಾಯಿಂದಲೇ ಬರಬೇಕು. ಊಹಿಸು, ನೋಡು, ವಿವರಿಸು. ವಿಜ್ಞಾನ ಬೋಧನೆಯಲ್ಲಿ ಇದು ಹಳೆಯ ಕ್ರಮವೇ, ಕಂಪ್ಯೂಟರಿಗಿಂತ ಇದಕ್ಕೆ ಬೇಕಾಗಿರುವುದು ತಾಳ್ಮೆ.

ಹಾಗಂತ ಸಿಮ್ಯುಲೇಷನ್ ಒಂದೇ ಸಾಕು ಅನ್ನೋದೂ ಅಪಾಯ. ಪರದೆ ಮೇಲೆ ವೈರು ಯಾವತ್ತೂ ಲೂಸ್ ಆಗುವುದಿಲ್ಲ, ಸೆಲ್ ಸತ್ತಿರುವುದಿಲ್ಲ. ನಿಜವಾದ ಎಲೆಕ್ಟ್ರಾನ್‌ಗಳು ತಂತಿಯಲ್ಲಿ ಸಾಗುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ, ಪರದೆಯಲ್ಲಿ ಅವು ಓಡುತ್ತಿರುತ್ತವೆ. ಒಂದು ತಪ್ಪು ಕಲ್ಪನೆ ತೆಗೆಯಲು ಹೋಗಿ ಇನ್ನೊಂದನ್ನು ಕೂರಿಸಬಾರದಲ್ವಾ? ಅದಕ್ಕೇ ಸೆಲ್ಲು, ಬಲ್ಬು, ವೈರು ಮೇಜಿನ ಮೇಲೆ ಇರಲೇಬೇಕು.

ಪ್ರಶಿಕ್ಷಣಾರ್ಥಿ ಎಲ್ಲಿ ನಿಂತಿದ್ದಾರೆ?

ಡಿಜಿಟಲ್ ಪಾಠ ಹೇಗೆ ನಡೆಯುತ್ತಿದೆ ಅಂತ ತಿಳಿಯಲು ಪರದೆ ನೋಡಬೇಡಿ, ಕಲಿಸುವವರು ಎಲ್ಲಿ ನಿಂತಿದ್ದಾರೆ ನೋಡಿ. ವಿಡಿಯೊ ಹಾಕಿ ಸ್ವಿಚ್‌ಬೋರ್ಡಿನ ಪಕ್ಕ ಕೈಕಟ್ಟಿ ನಿಂತಿದ್ದರೆ ಪಾಠ ಅವರ ಕೈತಪ್ಪಿದೆ. ಸ್ಲೈಡಿನ ಮೇಲಿರುವ ಸಾಲುಗಳನ್ನು ಮಕ್ಕಳಿಗೆ ಬೆನ್ನು ಹಾಕಿ ಓದುತ್ತಿದ್ದರೆ ಅದು ಪಠ್ಯಪುಸ್ತಕವೇ, ಕರೆಂಟ್ ಬಳಸುವ ಪಠ್ಯಪುಸ್ತಕ ಅಷ್ಟೇ. ಹಿಂದಿನ ಬೆಂಚಿನ ಹತ್ತಿರ ನಿಂತು, ಮಕ್ಕಳ ಮುಖ ನೋಡುತ್ತಾ, 40ನೇ ಸೆಕೆಂಡಿಗೆ ವಿಡಿಯೊ ನಿಲ್ಲಿಸಿ ‘ಮುಂದೇನಾಗುತ್ತೆ?’ ಅಂತ ಕೇಳಿದರೆ ಅಲ್ಲೊಬ್ಬರು ಶಿಕ್ಷಕರಿದ್ದಾರೆ ಅಂತ ಅರ್ಥ.

ಫೋನಿನಲ್ಲಿ ಹುಲಿಯಂತಿರುವ 22-23ರ ವಯಸ್ಸಿನವರು ಕ್ಲಾಸಿನಲ್ಲಿ ಯಾಕೆ ಹೀಗಾಗುತ್ತಾರೆ? ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಇದಕ್ಕೊಂದು ಉತ್ತರ ಕೊಟ್ಟಿದ್ದರು. ಯಾರೇ ಶಿಕ್ಷಕರಾಗಲಿ, ಆ ಹೊತ್ತಿಗೆ ವಿದ್ಯಾರ್ಥಿಯಾಗಿ ಸುಮಾರು 13,000 ಗಂಟೆ ಕ್ಲಾಸಿನಲ್ಲಿ ಕೂತು ಬೇರೆಯವರು ಕಲಿಸುವುದನ್ನು ನೋಡಿರುತ್ತಾರೆ. ತರಬೇತಿಯ ಕೆಲವು ತಿಂಗಳು ಅದರ ಮುಂದೆ ಏನೂ ಅಲ್ಲ. ಗಾಬರಿಯಾದಾಗ ಕೈಕಾಲು ತಾನಾಗಿ ಹಳೆಯದನ್ನೇ ಮಾಡುತ್ತವೆ. ನೀವು ಬಾಲ್ಯದಲ್ಲಿ ಕಂಡ ಮೇಷ್ಟರ ಕೈಯಲ್ಲಿ ಚಾಕ್‌ಪೀಸ್ ಇತ್ತು. ಸಿಮ್ಯುಲೇಷನ್ ನಿಲ್ಲಿಸಿ ಪ್ರಶ್ನೆ ಕೇಳುವ ಮೇಷ್ಟರನ್ನು ನೀವು ಕಂಡೇ ಇಲ್ಲ. ಹಾಗಿರುವಾಗ ತರಬೇತಿ ಕಾಲೇಜಿನ ಉಪನ್ಯಾಸಕರೇ ತಮ್ಮ ಪಾಠದಲ್ಲಿ ಅದನ್ನು ಮಾಡಿ ತೋರಿಸಬೇಕು. ‘ತಂತ್ರಜ್ಞಾನದ ಪ್ರಯೋಜನಗಳು’ ಅಂತ ಡಿಕ್ಟೇಷನ್ ಕೊಟ್ಟು ನೋಟ್ಸ್ ಬರೆಸಿದರೆ ಮಕ್ಕಳಿಗೆ ದಾಟುವುದೂ ಡಿಕ್ಟೇಷನ್ನೇ.

ಪೆಟ್ಟಿಗೆ ಬಂತು, ಮೇಷ್ಟ್ರು ಮೂಲೆಗೆ ಸರಿದರು

ಕರ್ನಾಟಕಕ್ಕೆ ಇದು ಹೊಸ ಕಥೆಯಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೊ ಮತ್ತು ನಾಸಾ ಸೇರಿ ಸೈಟ್ ಅನ್ನುವ ಪ್ರಯೋಗ ನಡೆಸಿದವು. ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಟಿವಿ ಪ್ರಸಾರ. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಕಾರ್ಯಕ್ರಮ. ಶಿಕ್ಷಕರ ತರಬೇತಿಯೂ ಟಿವಿಯಲ್ಲಿ ನಡೆಯಿತು. ಒಂದು ವರ್ಷ ಆಯಿತು, ಉಪಗ್ರಹವನ್ನು ಅಮೆರಿಕ ವಾಪಸ್ ತಿರುಗಿಸಿಕೊಂಡಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. 2000ದ ದಶಕದ ಶುರುವಿನಲ್ಲಿ ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಅನ್ನುವ ಕಂಪ್ಯೂಟರ್ ಶಿಕ್ಷಣ ಯೋಜನೆ ಬಂತು. ಅಲ್ಲಿ ಕಂಪ್ಯೂಟರ್ ಕಲಿಸಿದ್ದು ಹೆಚ್ಚಾಗಿ ಖಾಸಗಿ ಸಂಸ್ಥೆಗಳ ಬೋಧಕರು. ಗುತ್ತಿಗೆ ಮುಗಿಯಿತು, ಬೋಧಕರು ಹೋದರು, ಲ್ಯಾಬ್ ಕೋಣೆಗೆ ಬೀಗ ಬಿತ್ತು. ಅದೇ ಕಾಲದಲ್ಲಿ ಪಕ್ಕದ ಕೇರಳ ಐಟಿ ಅಟ್ ಸ್ಕೂಲ್ ಅಂತ ಶುರು ಮಾಡಿ, ತನ್ನದೇ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಸ್ವತಂತ್ರ ತಂತ್ರಾಂಶ ಬಳಸಿತು. ಶಿಕ್ಷಕರು ಶಾಲೆಯಲ್ಲೇ ಉಳಿಯುವವರು, ಹಾಗಾಗಿ ಕಲಿತದ್ದೂ ಶಾಲೆಯಲ್ಲೇ ಉಳಿಯಿತು.

ನಮ್ಮಲ್ಲೂ ಆಮೇಲೆ ಈ ದಾರಿ ಹಿಡಿದ ಪ್ರಯತ್ನ ಬಂತು. ರಾಜ್ಯ ಶಿಕ್ಷಣ ಇಲಾಖೆಯ ಜೊತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿತು. ಗಣಿತದ ಮೇಷ್ಟ್ರು ಜಿಯೋಜೀಬ್ರಾ ಅನ್ನುವ ಗಣಿತ ತಂತ್ರಾಂಶ ಕಲಿತರು, ಕನ್ನಡ ಶಿಕ್ಷಕರು ಸಂಪನ್ಮೂಲ ತಾವೇ ಬರೆದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣಕ್ಕೆ ಹಾಕಿದರು. ಬಿ.ಎಡ್ ವಿದ್ಯಾರ್ಥಿಗಳಿಗೆ ಆ ತಾಣ ಈಗಲೂ ಒಳ್ಳೆಯ ಗಣಿ. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದಾಗ ಕ್ಯಾಮೆರಾ ಮುಂದೆ ನಿಂತವರೂ ಶಿಕ್ಷಕರೇ.

ಯಂತ್ರ ಮೇಷ್ಟರ ಜಾಗಕ್ಕೆ ಬಂದರೆ ಏನಾಗುತ್ತದೆ, ಜೊತೆಗೆ ಬಂದರೆ ಏನಾಗುತ್ತದೆ ಅನ್ನೋದಕ್ಕೆ ಗುಜರಾತಿನ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ ಅಲ್ಲಿನ ಜ್ಞಾನಶಾಲಾ ಶಾಲೆಗಳಲ್ಲಿ ಒಂದೇ ತಂತ್ರಾಂಶವನ್ನು ಎರಡು ರೀತಿ ಬಳಸಿ ನೋಡಿದರು. ಮಾಮೂಲಿ ಪಾಠದ ಸಮಯ ಕಿತ್ತು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳ ಕಲಿಕೆ ಕುಸಿಯಿತು. ಶಾಲೆ ಸಮಯದ ಆಚೆ ಹೆಚ್ಚುವರಿಯಾಗಿ ಕೊಟ್ಟ ಕಡೆ ಏರಿತು, ಅದರಲ್ಲೂ ಹಿಂದುಳಿದ ಮಕ್ಕಳಿಗೆ ಜಾಸ್ತಿ ಲಾಭವಾಯಿತು. ತಂತ್ರಾಂಶ ಅದೇ, ಫಲಿತಾಂಶ ಉಲ್ಟಾ. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿ ಸುಮಾರು 15 ತಿಂಗಳು ಕಳೆದ ಮೇಲೆ ಅಳೆದಾಗ ಗಣಿತ, ಭಾಷೆ ಪರೀಕ್ಷೆಗಳಲ್ಲಿ ಏನೂ ಏರಿಕೆ ಕಾಣಲಿಲ್ಲ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ನಡೆದ ಮೈಂಡ್‌ಸ್ಪಾರ್ಕ್ ಕೇಂದ್ರಗಳಲ್ಲಿ, ಪ್ರತಿ ಮಗುವಿನ ಮಟ್ಟಕ್ಕೆ ತಕ್ಕ ಲೆಕ್ಕ ಕೊಡುವ ತಂತ್ರಾಂಶದಿಂದ ನಾಲ್ಕೂವರೆ ತಿಂಗಳಲ್ಲಿ ಒಳ್ಳೆಯ ಏರಿಕೆ ಕಂಡಿತು. ಹಾಗಾಗಿ ‘ತಂತ್ರಜ್ಞಾನ ಒಳ್ಳೆಯದಾ ಕೆಟ್ಟದ್ದಾ’ ಅನ್ನೋ ಚರ್ಚಾಸ್ಪರ್ಧೆಯ ಪ್ರಶ್ನೆಗೆ ಅರ್ಥವಿಲ್ಲ. ಯಾವ ಸಮಯದಲ್ಲಿ, ಯಾವ ಮಗುವಿಗೆ, ಯಾವುದರ ಬದಲು ಅಂತ ಕೇಳಬೇಕು.

ಇಂಟರ್ನ್‌ಶಿಪ್‌ನ 16 ವಾರ

ಕಾಲೇಜಿನಲ್ಲಿ ಏನೇ ಕಲಿತರೂ ಪರೀಕ್ಷೆ ಆಗುವುದು ಶಾಲೆಯಲ್ಲಿ. ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ವರದಿ ಪ್ರಕಾರ 2023-24ರಲ್ಲಿ ದೇಶದ ಶೇ 57.2ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಇತ್ತು, ಶೇ 53.9ರಲ್ಲಿ ಇಂಟರ್ನೆಟ್. ಅಂದರೆ ಪ್ರಶಿಕ್ಷಣಾರ್ಥಿ ಹೋಗುವ ಶಾಲೆಯಲ್ಲಿ ಇವು ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೂ ಪ್ರೊಜೆಕ್ಟರ್ ಹೆಚ್ಚೆಮ್ಮರ (ಮುಖ್ಯ ಶಿಕ್ಷಕರ) ಕೋಣೆಯ ಬೀರುವಿನಲ್ಲಿ, ಕೀಲಿ ಇರುವವರು ರಜೆಯಲ್ಲಿ. ‘ನೀವು ನಾಲ್ಕು ತಿಂಗಳಲ್ಲಿ ಹೋಗುವವರು, ಹಾಳಾದರೆ ಯಾರು ಹೊಣೆ?’ ಅನ್ನುವ ಮಾತು ಕೇಳದ ಪ್ರಶಿಕ್ಷಣಾರ್ಥಿ ಕಡಿಮೆ. ಹೆಚ್ಚೆಮ್ಮರ ಭಯವೂ ಸುಳ್ಳಲ್ಲ, ರಿಪೇರಿಗೆ ದುಡ್ಡು ಅವರೇ ಹೊಂದಿಸಬೇಕು.

ಸ್ಮಾರ್ಟ್ ಕ್ಲಾಸ್ ಲೆಕ್ಕದಲ್ಲಿ ಇಟ್ಟುಕೊಂಡು ಪಾಠ ಯೋಜಿಸಿದರೆ ಹೀಗೆ ಕೈ ಕಟ್ಟಿಹೋಗುತ್ತದೆ. ಒಂದೇ ಒಂದು ಫೋನ್ ಇದೆ, ಅದೂ ನನ್ನದೇ ಅಂತ ಲೆಕ್ಕ ಹಾಕಿ ನೋಡಿ, ದಾರಿ ಕಾಣುತ್ತದೆ. ನಾಲ್ಕನೇ ಕ್ಲಾಸಿನ ಮಗು ಕನ್ನಡ ಪಾಠ ಓದುವುದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ, ಅದಕ್ಕೇ ಕೇಳಿಸಿ. ಒತ್ತಕ್ಷರ ನುಂಗಿದ್ದು ಯಾರೂ ಹೇಳದೆ ಅದಕ್ಕೇ ಗೊತ್ತಾಗುತ್ತದೆ. ಮಗು ನಗುತ್ತಾ ಮತ್ತೊಮ್ಮೆ ಓದುತ್ತೇನೆ ಅನ್ನುತ್ತದೆ. ಬೇಲಿ ಹೂವಿನ ಪರಾಗದ ಹತ್ತಿರದ ಫೋಟೊ ತೆಗೆದು ಬೆಂಚಿನಿಂದ ಬೆಂಚಿಗೆ ದಾಟಿಸಿ. ಲೋಲಕದ ಆಂದೋಲನವನ್ನು ಸ್ಲೋ ಮೋಷನ್‌ನಲ್ಲಿ ಹಿಡಿದು ಎಣಿಸಲು ಬಿಡಿ. ಪ್ರೌಢಶಾಲೆಯ ಮಕ್ಕಳಿಗೆ, ಮನೆಯ ಅಜ್ಜಿಯ ಬಾಯಿಂದ ಒಂದು ಸೋಬಾನೆ ಪದ ರೆಕಾರ್ಡ್ ಮಾಡಿ ತಂದು ಅಕ್ಷರಕ್ಕೆ ಇಳಿಸಲು ಹೇಳಿ, ಕನ್ನಡ ತರಗತಿಯ ಒಂದು ವಾರ ತುಂಬುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯ ವಿಡಿಯೊಗಳು ಸಿಗುತ್ತವೆ. ಅವನ್ನು ಕ್ಲಾಸಿನಲ್ಲಿ ಪೂರ್ತಿ ಓಡಿಸುವುದಕ್ಕಿಂತ ಹಿಂದಿನ ರಾತ್ರಿ ತಾವು ನೋಡಿ, ಬೇಕಾದ ಒಂದು ನಿಮಿಷವನ್ನು ಮಾತ್ರ ಆರಿಸಿಕೊಳ್ಳುವುದು ಒಳ್ಳೆಯದು. ಎಲ್ಲ ವಿಡಿಯೊಗಳೂ ಚೆನ್ನಾಗಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಕೆಲವು ಬರೀ ಓದಿದ ಪಠ್ಯ.

ಮನೆಗೆ ಕೆಲಸ ಕೊಡುವಾಗ ಮಾತ್ರ ಜೋಪಾನ. ಅಸರ್ 2024ರ ಗ್ರಾಮೀಣ ಸಮೀಕ್ಷೆಯಲ್ಲಿ 14ರಿಂದ 16 ವರ್ಷದವರ ಪೈಕಿ ಶೇ 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನ್ ಬರುತ್ತದೆ ಅಂದಮಾತ್ರಕ್ಕೆ ಸಂಜೆ ಅದು ಆ ಮಗುವಿನ ಕೈಗೆ ಸಿಗುತ್ತದೆ ಅಂತೇನಿಲ್ಲ. ಅಪ್ಪ ಕೆಲಸ ಮುಗಿಸಿ ಬರುವವರೆಗೆ ಫೋನೂ ಬರುವುದಿಲ್ಲ, ಬಂದ ಮೇಲೆ ಅಣ್ಣ ಮೊದಲು, ತಂಗಿ ಕೊನೆಗೆ.

ಕ್ಯಾಮೆರಾ ವಾಪಸ್ ತರೋಣ

ಸೂಕ್ಷ್ಮ ಬೋಧನೆಯಿಂದ ಕೈಬಿಟ್ಟ ಕ್ಯಾಮೆರಾವನ್ನು ವಾಪಸ್ ತರಲು ಒಂದು ಪೈಸೆಯೂ ಬೇಡ. ಕಿಟಕಿ ಮೇಲೆ ಫೋನ್ ನಿಲ್ಲಿಸಿದರೆ ಸಾಕು. ಸಹಪಾಠಿ ‘ಚೆನ್ನಾಗಿತ್ತು’ ಅನ್ನಬಹುದು, ವಿಡಿಯೊ ಮುಲಾಜು ನೋಡುವುದಿಲ್ಲ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದಿರಿ ಅಂತ ಗಡಿಯಾರ ಹಿಡಿದು ನೋಡಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಅಳೆದು ತೋರಿಸಿದ್ದರು: ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಯಾವ ಬೆಂಚಿನ ಕಡೆ ಒಮ್ಮೆಯೂ ತಿರುಗಲಿಲ್ಲ, ಹುಡುಗರಿಗೆ ಎಷ್ಟು ಪ್ರಶ್ನೆ, ಹುಡುಗಿಯರಿಗೆ ಎಷ್ಟು, ಎಲ್ಲ ಲೆಕ್ಕ ಸಿಗುತ್ತದೆ. ಮೊದಲ ಸಲ ತಮ್ಮ ದನಿ ಕೇಳಿ ಎಲ್ಲರಿಗೂ ಮುಜುಗರವಾಗುತ್ತದೆ. ಎರಡನೇ ಸಲಕ್ಕೆ ಪಾಠ ಕಾಣಲು ಶುರುವಾಗುತ್ತದೆ.

ನಿಜವಾದ ಮಕ್ಕಳಿರುವ ಕ್ಲಾಸಿನಲ್ಲಿ ಬೇರೆ ನಿಯಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳು ಅಂತಲೇ ನೋಡುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಬದಿಗಿರಲಿ, ಮರ್ಯಾದೆಯ ಮಾತೂ ಇದೆ. ಕ್ಯಾಮೆರಾ ಕಲಿಸುವವರ ಕಡೆ ತಿರುಗಿರಲಿ. ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿ, ನೋಡಿ ಮುಗಿಸಿದ ಮೇಲೆ ಅಳಿಸಿ. ‘ನನ್ನ ಮೊದಲ ಪಾಠ’ ಅಂತ ಮಕ್ಕಳ ಮುಖ ಇರುವ ರೀಲ್ ಹಾಕುವುದು ಈಗ ಮಾಮೂಲಾಗಿದೆ. ತಪ್ಪು ಉತ್ತರ ಹೇಳಿ ತಡವರಿಸಿದ ಆ ಹುಡುಗನನ್ನು ಯಾರಾದರೂ ಕೇಳಿದ್ದರಾ?

ಈಗಿನ ಹೊಸ ಅತಿಥಿ ಚಾಟ್‌ಜಿಪಿಟಿ ತರಹದ ಎಐ. ಪಾಠಯೋಜನೆ ಬರೆಸಿಕೊಳ್ಳುವುದು ಶುರುವಾಗಿ ಆಗಲೇ ಕೆಲವು ವರ್ಷಗಳಾದವು. ನಕಲು ಅಂತ ಗದರಿಸಿ ಪ್ರಯೋಜನವಿಲ್ಲ, ಸೀನಿಯರ್ ರೆಕಾರ್ಡಿನಿಂದ ಇಳಿಸುವುದೂ ನಕಲೇ ಆಗಿತ್ತು. ಅದನ್ನೇ ಅಭ್ಯಾಸವಾಗಿ ತಿರುಗಿಸಬಹುದು. ವಿದ್ಯುಚ್ಛಕ್ತಿ ಪಾಠಕ್ಕೆ ಎಐ ಕೊಟ್ಟ ಯೋಜನೆಯನ್ನು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ತಿದ್ದಲು ಹೇಳಿ. ಬಲ್ಬ್ ಕರೆಂಟ್ ತಿನ್ನುತ್ತದೆ ಅನ್ನುವ ನಂಬಿಕೆಯನ್ನು ಇದು ಎಲ್ಲಿ ಎದುರಿಸುತ್ತದೆ? ಸೆಲ್ಲು, ವೈರು ಎಷ್ಟು ಜೊತೆ ಬೇಕು? 40 ನಿಮಿಷಕ್ಕೆ ಹಿಡಿಯುತ್ತದಾ? ಮೂರನೇ ಬೆಂಚಿನ, ಲಂಬಾಣಿ ಮಾತಾಡುವ ಮನೆಯ ಹುಡುಗಿಗೆ ಈ ಕನ್ನಡ ಅರ್ಥವಾಗುತ್ತದಾ? ಕೊನೆಯ ಪ್ರಶ್ನೆಗೆ ಉತ್ತರ ಆ ಕ್ಲಾಸಿನಲ್ಲಿ ಕಾಲಿಟ್ಟವರಿಗೆ ಮಾತ್ರ ಗೊತ್ತು. ಅದಕ್ಕೇ ಅಂಕ ಆ ಕೆಂಪು ಗುರುತುಗಳಿಗೆ ಕೊಡಬೇಕು, ಯೋಜನೆಗಲ್ಲ.

ಅಂಕದ ಮಾತು ಬಂತಲ್ಲ, ಕೊನೆಗೆ ಎಲ್ಲವೂ ನಿಂತಿರುವುದು ಅಲ್ಲೇ. ಪಾಠ ವೀಕ್ಷಣೆಗೆ ಬರುವವರ ಕೈಯಲ್ಲಿ ಒಂದು ನಮೂನೆ ಇರುತ್ತದೆ, ಅದರಲ್ಲಿ ಬೋಧನೋಪಕರಣ ಬಳಕೆಗೆ ಒಂದು ಕಾಲಂ. ಆ ಕಾಲಂ ತುಂಬಲೆಂದೇ ಅಂತಿಮ ಪಾಠದ ದಿನ ಎಲ್ಲಿಂದಲೋ ಲ್ಯಾಪ್‌ಟಾಪ್ ಬರುತ್ತದೆ, ಸ್ಲೈಡ್ ಓಡುತ್ತದೆ, ಮರುದಿನ ವಾಪಸ್ ಹೋಗುತ್ತದೆ. ಬಳಸಿದರೇ ಇಲ್ಲವೇ ಅನ್ನುವ ಆ ಕಾಲಂ ಬದಲು ಎರಡು ಸಾಲು ಬರೆಯುವ ಜಾಗ ಬಿಟ್ಟರೆ ಸಾಕು: ಪರದೆ ಹಾಕುವ ಮುಂಚೆ ಮಕ್ಕಳು ಏನು ಹೇಳಿದರು, ಪರದೆ ಬಂದ್ ಮಾಡಿದ ಮೇಲೆ ಏನು ಹೇಳಿದರು. ಲ್ಯಾಪ್‌ಟಾಪ್ ತರದೆ ಸೆಲ್ಲು, ಬಲ್ಬಿನಲ್ಲೇ ಪಾಠ ಮುಗಿಸಿದವರಿಗೂ ಆ ಜಾಗದಲ್ಲಿ ಪೂರ್ತಿ ಅಂಕ ಸಿಗುವಂತಿರಬೇಕು.